ಆ ಹಾಡನ್ನು ಕಟ್ಟಿದವರು ಯಾರು? ಒಂದು ವಿಡಿಯೋ ಗೇಮ್ ಒಡ್ಡುವ ಕಾಲಯಾನದ ಒಗಟು

ಒಂದು ಹಳ್ಳಿ. ಅಲ್ಲೊಂದು ಗಾಳಿಯಂತ್ರ. ಅದರೊಳಗೆ ಒಬ್ಬ ಸಂಗೀತಗಾರ ಕೆಂಡಾಮಂಡಲವಾಗಿದ್ದಾನೆ. ನಿಮ್ಮ ಕೈಯಲ್ಲಿರುವ ಒಕರಿನಾ, ಅಂದರೆ ಕೊಳಲಿನಂತೆ ಊದುವ ಪುಟ್ಟ ವಾದ್ಯ, ಕಂಡದ್ದೇ ತಡ ಅವನ ಸಿಟ್ಟು ಇನ್ನೂ ಏರುತ್ತದೆ. ಏಳು ವರ್ಷದ ಹಿಂದೆ ಒಬ್ಬ ಕಿಡಿಗೇಡಿ ಹುಡುಗ ಇಂಥದ್ದೇ ವಾದ್ಯ ಹಿಡಿದು ಬಂದು ಏನೋ ವಿಚಿತ್ರ ಹಾಡು ನುಡಿಸಿದನಂತೆ, ಗಾಳಿಯಂತ್ರ ಕೆಟ್ಟುಹೋಯಿತಂತೆ. ಆ ಹಾಡನ್ನು ಈ ಜನ್ಮದಲ್ಲಿ ಮರೆಯಲಾರೆ ಎನ್ನುತ್ತಾ ಅದನ್ನು ನಿಮಗೆ ನುಡಿಸಿ ತೋರಿಸುತ್ತಾನೆ. ನೀವು ಕಲಿತುಕೊಳ್ಳುತ್ತೀರಿ.

ಆಮೇಲೆ ನೀವು ಏಳು ವರ್ಷ ಹಿಂದಕ್ಕೆ ಹೋಗುತ್ತೀರಿ. ಅದೇ ಗಾಳಿಯಂತ್ರದೊಳಗೆ ಹುಡುಗನಾಗಿ ನಿಂತು ಅದೇ ಹಾಡು ನುಡಿಸುತ್ತೀರಿ. ರೆಕ್ಕೆಗಳು ಗಿರಗಿರನೆ ತಿರುಗಿ ಊರ ಬಾವಿಯ ನೀರು ಬತ್ತುತ್ತದೆ. ಆ ಕಿಡಿಗೇಡಿ ಹುಡುಗ ನೀವೇ!

ಮೊದಲ ಸಲ ಈ ಆಟ ಆಡಿದಾಗ ಇಲ್ಲಿ ನಾನು ಕಂಟ್ರೋಲರ್ ಕೆಳಗಿಟ್ಟು ಕೂತಿದ್ದೆ. ಹುಡುಗ ಹಾಡು ಕಲಿತದ್ದು ಸಂಗೀತಗಾರನಿಂದ. ಸಂಗೀತಗಾರ ಕಲಿತದ್ದು ಹುಡುಗನಿಂದ. ಹಾಗಾದರೆ ಅದನ್ನು ಕಟ್ಟಿದವರು ಯಾರು?

ಈ ಪ್ರಶ್ನೆ ಆಟದ ಅಭಿಮಾನಿಗಳಿಗಷ್ಟೇ ಸೇರಿದ್ದಲ್ಲ. ಇಂಥದ್ದೇ ಪ್ರಶ್ನೆಗಳ ಬಗ್ಗೆ ಭೌತವಿಜ್ಞಾನಿಗಳೂ ತತ್ವಶಾಸ್ತ್ರಜ್ಞರೂ ಗಂಭೀರವಾಗಿ ಬರೆದಿದ್ದಾರೆ. ಅವರ ಉತ್ತರಗಳನ್ನು ಈ ಆಟಕ್ಕೆ ಹಚ್ಚಿ ನೋಡೋಣ. (ಎಚ್ಚರಿಕೆ: ಮುಂದೆ ಆಟದ ಕೊನೆಯನ್ನೂ ಹೇಳಿಬಿಡುತ್ತೇನೆ.)

ಮೊದಲು ಕಥೆ

ಆಟದ ಹೆಸರು 'ದ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್'. ಜಪಾನಿನ ನಿಂಟೆಂಡೊ ಕಂಪನಿ ಇದನ್ನು 1998ರಲ್ಲಿ ಹೊರತಂದಿತು. ಹೈರೂಲ್ ಎಂಬ ರಾಜ್ಯ, ಅಲ್ಲಿನ ರಾಜಕುಮಾರಿ ಜೆಲ್ಡಾ, ಖಳನಾಯಕ ಗ್ಯಾನನ್‌ಡಾರ್ಫ್, ಮತ್ತು ನಾವು ಆಡಿಸುವ ಹುಡುಗ ಲಿಂಕ್ ಇದರ ಮುಖ್ಯ ಪಾತ್ರಗಳು.

ಗ್ಯಾನನ್‌ಡಾರ್ಫ್‌ನನ್ನು ತಡೆಯಲು ಲಿಂಕ್ ಕಾಲದ ದೇಗುಲದಲ್ಲಿರುವ ಖಡ್ಗವನ್ನು ಹಿರಿಯುತ್ತಾನೆ. ಆದರೆ ವೀರನಾಗಲು ಅವನಿಗೆ ಇನ್ನೂ ವಯಸ್ಸು ಸಾಲದು. ಹಾಗಾಗಿ ಅವನನ್ನು ಏಳು ವರ್ಷ ನಿದ್ರೆಯಲ್ಲಿ ಇಡಲಾಗುತ್ತದೆ. ಎದ್ದು ನೋಡಿದರೆ ಅವನು ಯುವಕ, ರಾಜ್ಯ ಪಾಳುಬಿದ್ದಿದೆ. ಅವನು ತೆರೆದ ದಾರಿಯಿಂದಲೇ ಗ್ಯಾನನ್‌ಡಾರ್ಫ್ ಒಳಹೊಕ್ಕು ಎಲ್ಲವನ್ನೂ ಕಸಿದುಕೊಂಡಿದ್ದಾನೆ. ಇಲ್ಲಿಂದ ಮುಂದೆ ಖಡ್ಗವನ್ನು ಪೀಠಕ್ಕೆ ಮರಳಿ ಸಿಕ್ಕಿಸಿದರೆ ಲಿಂಕ್ ಬಾಲ್ಯಕ್ಕೆ ಹೋಗುತ್ತಾನೆ, ಮತ್ತೆ ಹಿರಿದರೆ ಯೌವನಕ್ಕೆ ಬರುತ್ತಾನೆ. ಆಟ ಮುಂದುವರಿಯುವುದು ಈ ಎರಡು ಕಾಲಗಳ ನಡುವಿನ ಓಡಾಟದಲ್ಲಿ.

ಮುಂದಕ್ಕೆ ಹೋಗುವುದರಲ್ಲಿ ಒಗಟಿಲ್ಲ

ಲಿಂಕ್ ಏಳು ವರ್ಷ ಮಲಗಿ ಎದ್ದದ್ದು ಭವಿಷ್ಯದತ್ತ ಪ್ರಯಾಣ. ಇದರಲ್ಲಿ ಯಾವ ತರ್ಕದೋಷವೂ ಇಲ್ಲ. ಭಾಗವತದಲ್ಲಿ ಇಂಥದ್ದೇ ಒಂದು ಕಥೆಯಿದೆ. ರೈವತ ರಾಜ ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿನ ಸಂಗೀತ ಮುಗಿಯಲೆಂದು ಕೊಂಚ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿರುತ್ತವೆ.

ವಿಜ್ಞಾನವೂ ಮುಂದಕ್ಕೆ ಹೋಗುವುದನ್ನು ಒಪ್ಪುತ್ತದೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿದರು. ಪೂರ್ವಕ್ಕೆ ಹಾರಿದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದಿದ್ದವು. ಅಂದರೆ ಅವು ಅಷ್ಟರಮಟ್ಟಿಗೆ ಭವಿಷ್ಯಕ್ಕೆ ಬಂದಿಳಿದವು. ನಿಮ್ಮ ಫೋನಿನ ಜಿಪಿಎಸ್ ಕೂಡ ಉಪಗ್ರಹದ ಗಡಿಯಾರ ಮತ್ತು ನೆಲದ ಗಡಿಯಾರಗಳ ನಡುವಿನ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ವ್ಯತ್ಯಾಸವನ್ನು ಸರಿದೂಗಿಸಿಕೊಂಡೇ ದಾರಿ ತೋರಿಸುತ್ತದೆ.

ಹಾಗೆಂದು ರೇವತಿಯ ಕಥೆ ಸಾಪೇಕ್ಷತಾ ಸಿದ್ಧಾಂತಕ್ಕೆ ಪುರಾವೆ ಎಂದು ಫಾರ್ವರ್ಡ್ ಮಾಡಬೇಡಿ! ಕಲ್ಪನೆ ಬೇರೆ, ಅಳತೆ ಬೇರೆ. ಕಥೆಯಲ್ಲಿ ಗಮನಿಸಬೇಕಾದದ್ದು ಇಷ್ಟೇ: ರೈವತ ಹಿಂದಿರುಗಿ ತನ್ನ ಕಾಲಕ್ಕೆ ಹೋಗುವುದಿಲ್ಲ. ಆದ್ದರಿಂದಲೇ ಅಲ್ಲಿ ಒಗಟು ಹುಟ್ಟುವುದಿಲ್ಲ. ಒಗಟು ಶುರುವಾಗುವುದು ಹಿಂದಕ್ಕೆ ಹೋದಾಗ.

ಒಗಟಿನಲ್ಲಿ ಎರಡು ಬಗೆ

ಕಾಲಯಾನದ ಒಗಟುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ಸಾಮಾನ್ಯ ತಪ್ಪು. ವಾಸ್ತವವಾಗಿ ಅವು ಎರಡು ಬಗೆ.

ಮೊದಲನೆಯದು 'ಅಜ್ಜನ ಪ್ಯಾರಡಾಕ್ಸ್'. ನೀವು ಹಿಂದಕ್ಕೆ ಹೋಗಿ, ಮದುವೆಯಾಗುವ ಮೊದಲೇ ನಿಮ್ಮ ಅಜ್ಜನನ್ನು ಕೊಂದುಬಿಟ್ಟರೆ ನೀವು ಹುಟ್ಟುವುದಿಲ್ಲ. ಹುಟ್ಟದವರು ಹಿಂದಕ್ಕೆ ಹೋಗಿ ಕೊಲ್ಲುವುದು ಹೇಗೆ? ಒಂದೇ ಘಟನೆ ನಡೆದಿದೆ, ನಡೆದಿಲ್ಲ ಎಂದು ಎರಡನ್ನೂ ಇದು ಹೇಳುತ್ತದೆ. ಇದು ನೇರ ವಿರೋಧ. ಹೀಗಾಗಲು ಸಾಧ್ಯವೇ ಇಲ್ಲ.

ಎರಡನೆಯದು 'ಬೂಟ್‌ಸ್ಟ್ರ್ಯಾಪ್ ಪ್ಯಾರಡಾಕ್ಸ್'. ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1941ರಲ್ಲಿ ಬರೆದ ಕಥೆಯೊಂದರಿಂದ ಬಂದ ಹೆಸರಿದು. ಇಲ್ಲಿ ವಿರೋಧವಿಲ್ಲ, ಎಲ್ಲ ಘಟನೆಗಳೂ ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಇಲ್ಲದಿರುವುದು ಆರಂಭ ಮಾತ್ರ. ಗಾಳಿಯಂತ್ರದ ಹಾಡು ಈ ಬಗೆಯದು.

ಮೊದಲನೆಯದು ಅಸಾಧ್ಯ, ಎರಡನೆಯದು ವಿಚಿತ್ರ. ಈ ವ್ಯತ್ಯಾಸ ನೆನಪಿರಲಿ.

ಮೊದಲ ಪರಿಹಾರ: ಕಾಲ ಒಂದೇ ಎಳೆ

1980ರ ದಶಕದಲ್ಲಿ ರಷ್ಯಾದ ಭೌತವಿಜ್ಞಾನಿ ಇಗೊರ್ ನೊವಿಕೊವ್ ಒಂದು ತತ್ವವನ್ನು ಮುಂದಿಟ್ಟರು. ಭೂತಕಾಲಕ್ಕೆ ಹೋಗುವ ದಾರಿ ಒಂದುವೇಳೆ ಇದ್ದರೆ, ಅಲ್ಲಿ ನಡೆಯಬಲ್ಲದ್ದು ತನಗೆ ತಾನೇ ವಿರುದ್ಧವಾಗದ ಘಟನೆಗಳು ಮಾತ್ರ. ಹಿಂದಕ್ಕೆ ಹೋದವರು ಏನನ್ನೂ ಬದಲಾಯಿಸುವುದಿಲ್ಲ. ಅವರು ಅಲ್ಲಿ ಮಾಡುವುದು ಮೊದಲಿನಿಂದಲೂ ಇತಿಹಾಸದ ಭಾಗವೇ ಆಗಿರುತ್ತದೆ.

ಇದನ್ನು ಪರೀಕ್ಷಿಸಲು ಭೌತವಿಜ್ಞಾನಿ ಜೋಸೆಫ್ ಪೋಲ್ಚಿನ್‌ಸ್ಕಿ ಬಿಲಿಯರ್ಡ್ಸ್ ಚೆಂಡಿನ ಒಗಟೊಂದನ್ನು ಹೂಡಿದರು. ಅದನ್ನು ನಮ್ಮ ಕೇರಂ ಹಲಗೆಯ ಮೇಲೆ ಊಹಿಸಿಕೊಳ್ಳಿ. ಒಂದು ಮೂಲೆಯ ಪಾಕೆಟ್‌ಗೆ ಬಿದ್ದ ಕಾಯಿ ಇನ್ನೊಂದು ಮೂಲೆಯ ಪಾಕೆಟ್‌ನಿಂದ ಎರಡು ಸೆಕೆಂಡ್ ಮೊದಲೇ ಹೊರಬರುತ್ತದೆ ಎಂದಿಟ್ಟುಕೊಳ್ಳಿ. ಹಾಗೆ ಹೊರಬಂದ ಕಾಯಿ, ಪಾಕೆಟ್‌ನತ್ತ ಸಾಗುತ್ತಿರುವ ತನ್ನನ್ನೇ ಹೊಡೆದು ದಾರಿ ತಪ್ಪಿಸಿದರೆ? ಅದು ಪಾಕೆಟ್‌ಗೆ ಬೀಳುವುದೇ ಇಲ್ಲ. ಬೀಳದಿದ್ದರೆ ಹೊರಬರುವುದೂ ಇಲ್ಲ. ಅಜ್ಜನನ್ನು ಕೊಂದ ಕಥೆಯೇ ಇದು, ಪಾತ್ರಧಾರಿ ಮಾತ್ರ ಒಂದು ಕಾಯಿ.

ಕಿಪ್ ಥಾರ್ನ್ ಮತ್ತು ಸಂಗಡಿಗರು ಇದರ ಲೆಕ್ಕ ಮಾಡಿ 1991ರಲ್ಲಿ ಪ್ರಕಟಿಸಿದರು. ಅದೇ ಕಾಯಿ, ಅದೇ ವೇಗ, ಅದೇ ದಿಕ್ಕು ಇಟ್ಟುಕೊಂಡೂ ವಿರೋಧವಿಲ್ಲದ ಉತ್ತರ ಸಿಕ್ಕಿತು. ಹೊರಬಂದ ಕಾಯಿ ಜೋರಾಗಿ ಹೊಡೆಯುವ ಬದಲು ಸವರಿಕೊಂಡು ಹೋಗುತ್ತದೆ. ಸವರಿಸಿಕೊಂಡ ಕಾಯಿ ಸ್ವಲ್ಪ ಓರೆಯಾಗಿ ಪಾಕೆಟ್‌ಗೆ ಬೀಳುತ್ತದೆ. ಓರೆಯಾಗಿ ಬಿದ್ದುದರಿಂದಲೇ ಅದು ಸವರುವ ಹಾಗೆ ಹೊರಬರುತ್ತದೆ. ವೃತ್ತ ಪೂರ್ಣ! ಯಾರೂ ಬಂದು ಕಾಯಿಯ ಕೈ ಹಿಡಿದು ತಡೆಯಲಿಲ್ಲ. ಕೂಡಿಬರುವ ಇತಿಹಾಸವಷ್ಟೇ ಉಳಿಯಿತು.

ಗಾಳಿಯಂತ್ರದಲ್ಲಿ ನಡೆಯುವುದು ಇದೇ. ನೀವು ಹಿಂದಕ್ಕೆ ಹೋಗುವ ಮುನ್ನವೇ ಸಂಗೀತಗಾರನಿಗೆ ಆ ಹುಡುಗನ ನೆನಪಿದೆ. ನೀವು ಹಿಂದಕ್ಕೆ ಹೋಗಿ ಮಾಡುವುದು ಮೊದಲೇ ನಡೆದುಹೋಗಿದ್ದನ್ನೇ.

ಸರಿ, ಕಟ್ಟಿದವರು ಯಾರು?

ಕಥೆಯ ಹೊರಗೆ ಉತ್ತರ ಸುಲಭ: ಈ ಆಟದ ಸಂಗೀತ ಸಂಯೋಜಕ ಕೋಜಿ ಕೊಂಡೊ. ಕಥೆಯ ಒಳಗೆ, ಕಾಲ ಒಂದೇ ಎಳೆಯಾಗಿದ್ದರೆ, ಉತ್ತರ: ಯಾರೂ ಅಲ್ಲ.

ಇದನ್ನು ಕೇಳಿದ ಕೂಡಲೇ ನಮಗೆ 'ಬೀಜ ಮೊದಲೋ ಮರ ಮೊದಲೋ' ನೆನಪಾಗುತ್ತದೆ. ಆದರೆ ಎರಡೂ ಒಂದೇ ಅಲ್ಲ. ಒಂದು ಬೀಜದಿಂದ ಬಂದ ಮರ ಕೊಡುವುದು ಬೇರೊಂದು ಬೀಜವನ್ನು. ಆ ಸರಪಳಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಹಾಡಿನ ಸರಪಳಿ ಹಾಗೆ ಹೋಗುವುದಿಲ್ಲ. ಅದು ಬಳೆಯಂತೆ ತನ್ನನ್ನೇ ಬಂದು ಸೇರುತ್ತದೆ.

ಅಮೆರಿಕದ ತತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1976ರ ಪ್ರಬಂಧವೊಂದರಲ್ಲಿ ಈ ಬಗ್ಗೆ ಬರೆದಿದ್ದಾರೆ. ಬಳೆಯ ಪ್ರತಿಯೊಂದು ಭಾಗಕ್ಕೂ ಕಾರಣವಿದೆ. ಹುಡುಗನಿಗೆ ಹಾಡು ಏಕೆ ಗೊತ್ತು? ಕಲಿತಿದ್ದ. ಸಂಗೀತಗಾರನಿಗೆ ಏಕೆ ಗೊತ್ತು? ಕೇಳಿದ್ದ. ಇಡೀ ಬಳೆ ಏಕಿದೆ ಎಂಬುದಕ್ಕೆ ಮಾತ್ರ ಕಾರಣವಿಲ್ಲ. ಲೂಯಿಸ್ ಹೇಳುವಂತೆ ಅದು ವಿವರಿಸಲಾಗದ್ದು, ಅಸಾಧ್ಯವಾದದ್ದಲ್ಲ. ಕೊನೆಯಿಲ್ಲದೆ ಹಿಂದಕ್ಕೆ ಹೋಗುವ ಸರಪಳಿಯಾಗಲಿ, ಕಾರಣವೇ ಇಲ್ಲದೆ ಆರಂಭವಾದ ಸರಪಳಿಯಾಗಲಿ, ಒಟ್ಟಾರೆಯಾಗಿ ಅಷ್ಟೇ ವಿವರಣೆಗೆ ನಿಲುಕದ್ದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಳೆಯಲ್ಲಿ ಸುತ್ತುವುದು ವಸ್ತುವೋ ವಿಷಯವೋ? 'ಸಮ್‌ವೇರ್ ಇನ್ ಟೈಮ್' (1980) ಎಂಬ ಹಾಲಿವುಡ್ ಚಿತ್ರದಲ್ಲಿ ಮುದುಕಿಯೊಬ್ಬಳು ಯುವಕನಿಗೆ ಒಂದು ಗಡಿಯಾರ ಕೊಡುತ್ತಾಳೆ. ಅವನು ಅದನ್ನು ಹಿಂದಿನ ಕಾಲಕ್ಕೆ ಒಯ್ದು, ಆಗ ಯುವತಿಯಾಗಿದ್ದ ಅವಳ ಬಳಿ ಬಿಟ್ಟುಬರುತ್ತಾನೆ. ತೊಂದರೆ ಏನೆಂದರೆ ಗಡಿಯಾರ ಸವೆಯುತ್ತದೆ. ಸವೆದ ಗಡಿಯಾರ ಹಿಂದಕ್ಕೆ ಹೋದಾಗ ಅದು ಹೊಸತಾಗುವುದು ಹೇಗೆ? ಹಾಡಿಗೆ ಈ ತೊಂದರೆಯಿಲ್ಲ. ಅದು ಒಬ್ಬರ ನೆನಪಿನಿಂದ ಇನ್ನೊಬ್ಬರ ನೆನಪಿಗೆ ಹೊಸದಾಗಿ ಅಚ್ಚಾಗುತ್ತದೆ. ಆರು ಸ್ವರಗಳು ತಪ್ಪದಿದ್ದರೆ ಸಾಕು. ಬಳೆಗೆ ಹಾಡನ್ನೇ ಆರಿಸಿಕೊಂಡು ಆಟದ ಕಥೆಗಾರರು ಒಂದು ದೊಡ್ಡ ತೊಡಕಿನಿಂದ ಪಾರಾಗಿದ್ದಾರೆ.

ಆದರೆ ಸ್ಮಶಾನದಲ್ಲಿ ಒಂದು ಬೀಜ

ಇಲ್ಲಿಗೆ ಎಲ್ಲವೂ ಬಗೆಹರಿಯಿತು ಎನ್ನುವಷ್ಟರಲ್ಲಿ ಅದೇ ಹಳ್ಳಿಯ ಸ್ಮಶಾನಕ್ಕೆ ಹೋಗಿ. ಅಲ್ಲಿ ಒಂದೆಡೆ ಮೆತ್ತಗಿನ ಮಣ್ಣಿದೆ. ಯುವಕ ಲಿಂಕ್ ಹೋಗಿ ನೋಡಿದರೆ ಬರೀ ಮಣ್ಣು. ಬಾಲ್ಯಕ್ಕೆ ಹೋಗಿ ಅಲ್ಲೊಂದು ಮಾಯಾ ಬೀಜ ನೆಟ್ಟು ಏಳು ವರ್ಷ ಮುಂದಕ್ಕೆ ಬಂದು ನೋಡಿದರೆ, ಅವನನ್ನು ಹೊತ್ತು ಗಾಳಿಯಲ್ಲಿ ತೇಲುವ ದೊಡ್ಡ ಎಲೆಯ ಗಿಡ!

ಕಾಲ ಒಂದೇ ಎಳೆಯಾಗಿದ್ದರೆ ಮೊದಲ ಭೇಟಿಯಲ್ಲೇ ಗಿಡ ಇರಬೇಕಿತ್ತು. ಸಂಗೀತಗಾರನಿಗೆ 'ಇನ್ನೂ ನಡೆಯದ' ಭೂತಕಾಲ ನೆನಪಿದೆ. ಈ ಮಣ್ಣಿಗೆ ನೆನಪಿಲ್ಲ. ಒಂದೇ ಊರಿನಲ್ಲಿ, ಕೂಗಳತೆಯಲ್ಲಿ, ಎರಡು ನಿಯಮ.

ಯಂತ್ರದ ಕಡೆಯಿಂದ ನೋಡಿದರೆ ಇದು ಸರಳ. ಬೀಜ ನೆಟ್ಟರೆ ಆಟ ತನ್ನ ನೆನಪಿನಲ್ಲಿ 'ನೆಟ್ಟಾಗಿದೆ' ಎಂದು ಗುರುತು ಹಾಕಿಕೊಳ್ಳುತ್ತದೆ. ಆ ಗುರುತು ಇದ್ದರೆ ಗಿಡ ತೋರಿಸುತ್ತದೆ, ಇಲ್ಲದಿದ್ದರೆ ಇಲ್ಲ. ಸಂಗೀತಗಾರನ ಮಾತು ಅಂಥ ಗುರುತಿಗೆ ಕಾಯುವುದಿಲ್ಲ. ಕಥೆಗಾರರು ಅದನ್ನು ಮೊದಲೇ ಬರೆದಿಟ್ಟಿದ್ದಾರೆ. ಹಾಡು ಕಲಿತ ನೀವು ಹಿಂದಕ್ಕೆ ಹೋಗದೆ ಆಟವನ್ನೇ ಆರಿಸಿ ಎದ್ದುಹೋದರೂ ಅವನ ನೆನಪು ಹಾಗೇ ಇರುತ್ತದೆ.

ಕಥೆಯ ಕಡೆಯಿಂದ ನೋಡಿದರೆ ಇನ್ನೊಂದು ಪರಿಹಾರ ಬೇಕು.

ಎರಡನೇ ಪರಿಹಾರ: ಕವಲೊಡೆಯುವ ಕಾಲ

ಕ್ವಾಂಟಮ್ ಸಿದ್ಧಾಂತವನ್ನು 'ಅನೇಕ ಲೋಕ'ಗಳ ಮೂಲಕ ಅರ್ಥೈಸುವ ಬಗೆಯನ್ನು ಹ್ಯೂ ಎವೆರೆಟ್ 1957ರಲ್ಲಿ ಮಂಡಿಸಿದರು. ಬ್ರಿಟಿಷ್ ಭೌತವಿಜ್ಞಾನಿ ಡೇವಿಡ್ ಡಾಯ್ಚ್ 1991ರಲ್ಲಿ ಅದನ್ನು ಕಾಲಯಾನಕ್ಕೆ ಜೋಡಿಸಿದರು. ಅದರ ಪ್ರಕಾರ ಹಿಂದಕ್ಕೆ ಹೋದವರು ತಲುಪುವುದು ತಾವು ಹೊರಟ ಲೋಕದ ಭೂತಕಾಲವನ್ನಲ್ಲ, ಬೇರೊಂದು ಲೋಕದ ಭೂತಕಾಲವನ್ನು. ಅಲ್ಲಿ ಅಜ್ಜನನ್ನು ಕೊಂದರೂ ವಿರೋಧವಿಲ್ಲ. ಸತ್ತವರು ಆ ಲೋಕದ ಅಜ್ಜ.

ಇದರಲ್ಲಿ ಬೀಜದ ಒಗಟು ತಟ್ಟನೆ ಬಿಡುತ್ತದೆ. ಬರೀ ಮಣ್ಣಿದ್ದದ್ದು ಒಂದು ಲೋಕದಲ್ಲಿ, ಗಿಡ ಬೆಳೆದದ್ದು ಇನ್ನೊಂದರಲ್ಲಿ.

ಹಾಡಿಗೂ ಇದು ಉತ್ತರ ಕೊಡುತ್ತದೆ. ಯಾರೂ ಶ್ರಮಪಡದೆ ಜ್ಞಾನ ಸುಮ್ಮನೆ ಉದ್ಭವಿಸುವುದನ್ನು ಡಾಯ್ಚ್ ಒಪ್ಪುವುದಿಲ್ಲ. ಅನೇಕ ಲೋಕಗಳಿದ್ದರೆ ಯಾವುದೋ ಒಂದರಲ್ಲಿ ಯಾರೋ ಕೂತು ಕಷ್ಟಪಟ್ಟು ಕಟ್ಟಿರುತ್ತಾರೆ. ಆಟದಲ್ಲಿ ಅದು ಯಾರಿರಬಹುದು? ಬಾಲ್ಯದ ಕಾಲದಲ್ಲಿ ಹೋಗಿ ಅದೇ ಸಂಗೀತಗಾರನನ್ನು ಮಾತನಾಡಿಸಿ ನೋಡಿ. ಆಗ ಅವನು ನಗುನಗುತ್ತಾ ಇದ್ದಾನೆ. ಗಿರಗಿರ ತಿರುಗುವ ಈ ಗಾಳಿಯಂತ್ರದಿಂದ ಸ್ಫೂರ್ತಿ ಪಡೆದು ಒಂದು ಸಂಗೀತ ಕಟ್ಟಲು ಪ್ರಯತ್ನಿಸುತ್ತಿದ್ದೇನೆ ಎನ್ನುತ್ತಾನೆ!

ಹಾಗಾದರೆ ನನ್ನ ಊಹೆ ಇದು. ನಮಗೆ ಕಾಣದ ಮೊದಲ ಲೋಕದಲ್ಲಿ ಹಾಡನ್ನು ಅವನೇ ಕಟ್ಟಿದ, ಸಂತೋಷದಿಂದ ಲಿಂಕ್‌ಗೆ ಕಲಿಸಿದ. ಲಿಂಕ್ ಅದನ್ನು ಹಿಂದಕ್ಕೆ ಒಯ್ದು ಇನ್ನೊಂದು ಲೋಕದಲ್ಲಿ, ಅವನು ಕಟ್ಟುವ ಮುನ್ನವೇ, ನುಡಿಸಿಬಿಟ್ಟ. ನಾವು ಆಡುವುದು ಆ ಎರಡನೇ ಲೋಕದಲ್ಲಿ. ಅಲ್ಲಿ ಅವನಿಗೆ ಅದು ತನ್ನ ಹಾಡೆಂದು ಗೊತ್ತೇ ಇಲ್ಲ. ತಾನೇ ಕಟ್ಟಬೇಕಿದ್ದ ಹಾಡನ್ನು ಏಳು ವರ್ಷದಿಂದ ದ್ವೇಷಿಸುತ್ತಾ ಕೂತಿದ್ದಾನೆ.

ಒಗಟು ಬಿಡಿಸಿದ್ದಾಯಿತು. ಆದರೆ ಒಬ್ಬ ಮನುಷ್ಯನ ಹಾಡು ಕಳೆದುಹೋಯಿತು.

ಕವಲಿಗೆ ತೆರುವ ಬೆಲೆ

ಕವಲಿನ ಪರಿಹಾರ ತರ್ಕಕ್ಕೆ ಹಿತ. ಅದರ ನಿಜವಾದ ಬೆಲೆ ಗೊತ್ತಾಗುವುದು ಆಟದ ಕೊನೆಯಲ್ಲಿ.

ಗ್ಯಾನನ್‌ಡಾರ್ಫ್ ಸೋತ ಮೇಲೆ ಜೆಲ್ಡಾ ಲಿಂಕ್‌ನಿಂದ ಒಕರಿನಾ ಪಡೆದು ಅವನನ್ನು ಬಾಲ್ಯಕ್ಕೆ ಕಳಿಸುತ್ತಾಳೆ. ಕಳೆದುಕೊಂಡ ಏಳು ವರ್ಷವನ್ನು ಅವನು ಮತ್ತೆ ಬದುಕಲಿ ಎಂಬುದು ಅವಳ ಆಸೆ. ಹುಡುಗ ಲಿಂಕ್ ಅರಮನೆಯ ತೋಟದಲ್ಲಿ ಪುಟ್ಟ ಜೆಲ್ಡಾಳ ಎದುರು ನಿಲ್ಲುವಲ್ಲಿಗೆ ಆಟ ಮುಗಿಯುತ್ತದೆ. ನೋಡಲು ಸುಖಾಂತ್ಯ.

ಆದರೆ ಅವನನ್ನು ಕಳಿಸಿದ ಆ ದೊಡ್ಡ ಜೆಲ್ಡಾ? ಅವಳ ಲೋಕ ಅಳಿಸಿಹೋಗಲಿಲ್ಲ. ಇಲ್ಲಿ ಕಾಲ ಕವಲೊಡೆಯಿತೆಂದು ನಿಂಟೆಂಡೊ 2011ರ ಕೊನೆಯಲ್ಲಿ ಜಪಾನಿನಲ್ಲಿ ಹೊರಬಂದ 'ಹೈರೂಲ್ ಹಿಸ್ಟೋರಿಯಾ' ಪುಸ್ತಕದಲ್ಲಿ ನಕ್ಷೆಯನ್ನೇ ಕೊಟ್ಟಿತು. ಹುಡುಗ ಲಿಂಕ್‌ನ ಕವಲಿನಲ್ಲಿ 'ಮಜೋರಾಸ್ ಮಾಸ್ಕ್' (2000) ಮತ್ತು 'ಟ್ವೈಲೈಟ್ ಪ್ರಿನ್ಸೆಸ್' (2006) ನಡೆಯುತ್ತವೆ. ದೊಡ್ಡ ಜೆಲ್ಡಾಳ ಕವಲಿನಲ್ಲಿ ನಡೆಯುವುದು 'ದ ವಿಂಡ್ ವೇಕರ್' (2002). (ಲಿಂಕ್ ಸೋತುಹೋದ ಮೂರನೆಯ ಕವಲೂ ನಕ್ಷೆಯಲ್ಲಿದೆ. ಅದು ಕಾಲಯಾನದಿಂದ ಹುಟ್ಟಿದ್ದಲ್ಲ, ಹಳೆಯ ಆಟಗಳಿಗೆ ಜಾಗ ಮಾಡಿಕೊಡಲು ಬಂದದ್ದು ಎನ್ನಿಸುತ್ತದೆ.)

'ದ ವಿಂಡ್ ವೇಕರ್' ಶುರುವಾಗುವುದೇ ಒಂದು ದಂತಕಥೆಯಿಂದ. ದುಷ್ಟ ಮತ್ತೆ ಎದ್ದ. ಜನ ವೀರನಿಗಾಗಿ ಕಾದರು. ವೀರ ಬರಲಿಲ್ಲ. ಕೊನೆಗೆ ದೇವತೆಗಳು ಹೈರೂಲನ್ನೇ ಸಮುದ್ರದಲ್ಲಿ ಮುಳುಗಿಸಿದರು. ವೀರ ಏಕೆ ಬರಲಿಲ್ಲ? ಅವನನ್ನು ಬಾಲ್ಯಕ್ಕೆ ಕಳಿಸಿಯಾಗಿತ್ತು.

ಇತ್ತ ಹುಡುಗ ಲಿಂಕ್‌ನ ಲೋಕದಲ್ಲಿ ಯುದ್ಧವೇ ನಡೆಯಲಿಲ್ಲ. ಹಾಗಾಗಿ ಅವನು ವೀರ ಎಂಬುದು ಯಾರಿಗೂ ಗೊತ್ತಿಲ್ಲ. 'ಟ್ವೈಲೈಟ್ ಪ್ರಿನ್ಸೆಸ್'ನಲ್ಲಿ ಅವನು ಅಸ್ಥಿಪಂಜರದ ಯೋಧನಾಗಿ, ಕಲಿತದ್ದನ್ನು ಯಾರಿಗೂ ದಾಟಿಸಲಾಗಲಿಲ್ಲ ಎಂಬ ಕೊರಗಿನೊಡನೆ ಅಲೆಯುತ್ತಿರುತ್ತಾನೆ.

ಖಡ್ಗದ ಮೂಲಕ ಆದ ಓಡಾಟಗಳಿಗೂ ಕವಲಿನ ನಿಯಮವನ್ನೇ ಹಚ್ಚಿದರೆ? ಆಗ ಒಂದೊಂದು ಸಲ ಬಾಲ್ಯಕ್ಕೆ ಹೋದಾಗಲೂ ಲಿಂಕ್ ಒಂದು ಪಾಳುಬಿದ್ದ ಹೈರೂಲನ್ನು ಅದರ ಪಾಡಿಗೆ ಬಿಟ್ಟುಹೋದಂತೆ. ಹಾಡು, ಬೀಜ, ಕೊನೆ, ಈ ಮೂರನ್ನೂ ಒಟ್ಟಿಗೆ ವಿವರಿಸಬಲ್ಲ ನಿಯಮ ಇದೊಂದೇ. ಆಟ ಮಾಡಿದವರು ಅಷ್ಟು ದೂರ ಹೋಗಿಲ್ಲ. ಅವರು ಕವಲೊಡೆಸಿದ್ದು ಕೊನೆಯಲ್ಲಿ ಮಾತ್ರ. ಏಕೆ ಹೋಗಲಿಲ್ಲ ಎಂಬುದು ನನಗಂತೂ ಅರ್ಥವಾಗುತ್ತದೆ.

ಮೂರನೇ ಪರಿಹಾರ: ಬಾಗಿಲೇ ಇಲ್ಲ

ಸ್ಟೀಫನ್ ಹಾಕಿಂಗ್ 1992ರಲ್ಲಿ ಇನ್ನೊಂದು ಊಹೆ ಮುಂದಿಟ್ಟರು. ಭೂತಕಾಲಕ್ಕೆ ದಾರಿ ತೆರೆಯಲು ಹೊರಟರೆ ಭೌತಶಾಸ್ತ್ರದ ನಿಯಮಗಳೇ ಅದನ್ನು ತಡೆಯುತ್ತವೆ. ದಾರಿಯೇ ಇಲ್ಲದಿದ್ದರೆ ಒಗಟೂ ಇಲ್ಲ. 2009ರ ಜೂನ್ 28ರಂದು ಅವರು ಕಾಲಯಾನಿಗಳಿಗಾಗಿ ಒಂದು ಪಾರ್ಟಿಯನ್ನೂ ಏರ್ಪಡಿಸಿದ್ದರು. ಆಮಂತ್ರಣವನ್ನು ಹೊರಬಿಟ್ಟದ್ದು ಪಾರ್ಟಿ ಮುಗಿದ ಮೇಲೆ. ಯಾರೂ ಬರಲಿಲ್ಲ! ಇದು ತಮಾಷೆಯೇ ಹೊರತು ಪುರಾವೆಯಲ್ಲ. ಹಾಕಿಂಗ್ ಅವರ ಊಹೆ ಇನ್ನೂ ಸಾಬೀತಾಗಿಲ್ಲ, ಸುಳ್ಳೆಂದೂ ತೀರ್ಮಾನವಾಗಿಲ್ಲ. ಭೂತಕಾಲಕ್ಕೆ ಯಾರೂ ಹೋಗಿಬಂದ ದಾಖಲೆ ಮಾತ್ರ ಇಲ್ಲ.

ಮುಂದಿನ ಸಲ ಇಂಥ ಕಥೆ ಸಿಕ್ಕಾಗ

ಆಟವಿರಲಿ, ಸಿನಿಮಾ ಇರಲಿ, ಕಾದಂಬರಿಯಿರಲಿ, ಈ ಮೂರು ಪ್ರಶ್ನೆ ಕೇಳಿ ನೋಡಿ.

1. ಹಿಂದಕ್ಕೆ ಹೋದವರು ಮಾಡಿದ್ದು ಮೊದಲೇ ನಡೆದಿತ್ತೇ, ಇಲ್ಲವೇ ಹೊಸದಾಗಿ ಏನಾದರೂ ಬದಲಾಯಿತೇ? ಮೊದಲೇ ನಡೆದಿದ್ದರೆ ಅದು ಒಂದೇ ಎಳೆಯ ಕಥೆ. ಬದಲಾದರೆ ಕವಲಿನ ಕಥೆ.

2. ಒಗಟು ವಿರೋಧದ್ದೋ, ಆರಂಭವಿಲ್ಲದ್ದೋ? ವಿರೋಧವಾದರೆ ಕಥೆ ಎಡವಿದೆ. ಬರೀ ಆರಂಭವಿಲ್ಲದಿದ್ದರೆ ಕಥೆ ವಿಚಿತ್ರ, ತಪ್ಪಲ್ಲ.

3. ಕವಲೊಡೆದಿದ್ದರೆ, ಬಿಟ್ಟುಬಂದವರ ಗತಿ ಏನಾಯಿತು?

ಮೂರನೆಯ ಪ್ರಶ್ನೆಯನ್ನು ಹೆಚ್ಚಿನ ಕಥೆಗಳು ಕೇಳುವುದೇ ಇಲ್ಲ. 'ಹಿಂದಕ್ಕೆ ಹೋಗಿ ಎಲ್ಲ ಸರಿಮಾಡಿದ' ಎಂದು ಪರದೆ ಎಳೆಯುತ್ತವೆ. ಆದರೆ ಒಂದೇ ಎಳೆಯ ಕಾಲದಲ್ಲಿ ಏನನ್ನೂ ಸರಿಮಾಡಲಾಗದು. ಕವಲಿನ ಕಾಲದಲ್ಲಿ ಸರಿಯಾಗುವುದು ಬೇರೊಂದು ಲೋಕ, ನೊಂದವರ ಲೋಕವಲ್ಲ. 'ಆ ದಿನಕ್ಕೆ ವಾಪಸ್ ಹೋಗುವಂತಿದ್ದರೆ' ಎಂದು ನಾವೆಲ್ಲ ಎಂದಾದರೂ ಹಲುಬಿದವರೇ. ಎರಡು ಲೆಕ್ಕದಲ್ಲೂ, ಆ ದಿನ ನಾವು ನೋಯಿಸಿದ ಮನುಷ್ಯ ನೊಂದೇ ಇರುತ್ತಾನೆ. ಅವನ ಬಳಿ ಹೋಗಲು ಇರುವ ದಾರಿ ಇವತ್ತಿನಿಂದ ಮುಂದಕ್ಕೆ ಮಾತ್ರ.

ಅಂದಹಾಗೆ, ಯುವಕ ಲಿಂಕ್ ಆಗಿ ಆ ಗಾಳಿಯಂತ್ರಕ್ಕೆ ಇನ್ನೊಮ್ಮೆ ಹೋದರೆ ಸಂಗೀತಗಾರ ಅಲ್ಲೇ ಇರುತ್ತಾನೆ. ಹಾಡು ಅವನದೇ ಇರಬಹುದೆಂದು ಹೇಳುವ ಆಯ್ಕೆಯನ್ನು ಆಟ ನಮಗೆ ಕೊಟ್ಟಿಲ್ಲ.